ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 13,990 ಕಿ.ಮೀ. ಅಂತೆ, ಹಾಗಾದರೆ ಟಿಕೆಟ್‌ನಲ್ಲಿ 22 ಗಂಟೆ ಯಾಕೆ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಹತ್ತಿರದ ಹಳ್ಳಿಯವಳು. ಅಕ್ಕ ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅಕ್ಟೋಬರ್‌ನಲ್ಲಿ ಅವಳ ಬಾಣಂತನಕ್ಕೆ ಆಯಿ, ಅಪ್ಪ ಇಬ್ಬರೂ ಹೊರಟಿದ್ದಾರೆ. ಇಬ್ಬರಿಗೂ ಇದೇ ಮೊದಲ ವಿಮಾನ. ಟಿಕೆಟ್ ಹುಡುಕುವ ಕೆಲಸ ನನ್ನ ತಲೆ ಮೇಲೆ ಬಿದ್ದಿದೆ.

ನೆಟ್‌ನಲ್ಲಿ ದೂರ ನೋಡಿದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 13,990 ಕಿ.ಮೀ. ಎಂದು ತೋರಿಸಿತು. ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತದೆ ಅಂದರೆ ಹದಿನೈದೂವರೆ ಗಂಟೆ ಸಾಕು. ಆದರೆ ಟಿಕೆಟ್ ನೋಡಿದರೆ ಒಂದರಲ್ಲಿ 22 ಗಂಟೆ, ಇನ್ನೊಂದರಲ್ಲಿ 27. ಒಂದು ದುಬೈ ಮೇಲೆ ಹೋಗುತ್ತದೆ, ಒಂದು ಫ್ರಾಂಕ್‌ಫರ್ಟ್ ಮೇಲೆ, ಮತ್ತೊಂದು ಸಿಂಗಾಪುರ ಮೇಲೆ. ಒಂದು ಪಶ್ಚಿಮಕ್ಕೆ, ಒಂದು ಪೂರ್ವಕ್ಕೆ! ಇದರಲ್ಲಿ ಯಾವುದು ಸುತ್ತು, ಯಾವುದು ಹತ್ತಿರ?

ನೇರ ವಿಮಾನದ ಒಂದು ಉದಾಹರಣೆಯಲ್ಲಿ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5.30ಕ್ಕೆ ತಲುಪುತ್ತದೆ ಎಂದಿತ್ತು. ಅಪ್ಪ ಅದನ್ನು ಓದಿ, "ಮೂರೂವರೆ ತಾಸಿಗೆ ಅಮೆರಿಕವೇ? ನಮ್ಮ ಬಸ್ಸು ಅಷ್ಟೊತ್ತಿಗೆ ಹಾವೇರಿ ದಾಟುವುದೂ ಕಷ್ಟ" ಎಂದರು.

ಗೋವಾ, ಹುಬ್ಬಳ್ಳಿ, ಬೆಂಗಳೂರು ಈ ಮೂರರಲ್ಲಿ ಎಲ್ಲಿಂದ ಹೊರಡಿಸುವುದು ಎನ್ನುವುದೂ ತಿಳಿಯುತ್ತಿಲ್ಲ. ಗೊತ್ತಿದ್ದವರು ಹೇಳಿ.

ಟಿಕೆಟ್ ಮಾಣಿ
ಕುಮಟಾದಲ್ಲಿ ಟಿಕೆಟ್ ಬುಕಿಂಗ್ ಮಾಡುತ್ತೇನೆ. ಈ ಪ್ರಶ್ನೆ ನನಗೆ ದಿನಾ ಬರುತ್ತದೆ ತಂಗಿ.

ಮೊದಲು ನಿಮ್ಮ ಅಪ್ಪನ ಪ್ರಶ್ನೆ. ಟಿಕೆಟ್‌ನಲ್ಲಿ ಬರೆದ ಎರಡು ಸಮಯವೂ ಆಯಾ ಊರಿನ ಗಡಿಯಾರದ್ದು. ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ ಇರುತ್ತದೆ. ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ 6. ಅದರಲ್ಲಿ ಹನ್ನೆರಡೂವರೆ ಕಳೆಯಿರಿ. ಹಿಂದಿನ ದಿನ ಸಂಜೆ 5.30 ಬರುತ್ತದೆ. ಅಷ್ಟೇ.

ಎರಡನೆಯದು, ಟಿಕೆಟ್‌ನಲ್ಲಿರುವ ಗಂಟೆ ಬರೀ ಆಕಾಶದಲ್ಲಿ ಹಾರುವ ಹೊತ್ತಲ್ಲ. ವಿಮಾನ ಗೇಟು ಬಿಟ್ಟು ಹಿಂದೆ ಸರಿದ ಕ್ಷಣದಿಂದ ಆ ಕಡೆ ಗೇಟಿಗೆ ಬಂದು ನಿಲ್ಲುವವರೆಗಿನ ಲೆಕ್ಕ ಅದು. ರನ್‌ವೇವರೆಗೆ ನಿಧಾನಕ್ಕೆ ಹೋಗುವುದು, ಸರದಿಗೆ ಕಾಯುವುದು, ಇಳಿಯುವ ಮೊದಲು ಮೇಲೆ ಸುತ್ತು ಹಾಕುವುದು ಎಲ್ಲ ಅದರೊಳಗೇ. ಜೊತೆಗೆ ತಡವಾಯಿತು ಅಂತ ಆಗಬಾರದು ಎಂದು ಕಂಪನಿಯವರು ಸ್ವಲ್ಪ ಹೆಚ್ಚಿಗೆ ಇಟ್ಟುಕೊಂಡೇ ಬರೆಯುತ್ತಾರೆ.

ಮೂರನೆಯದು, 22 ಮತ್ತು 27ರ ನಡುವಿನ ಆ 5 ಗಂಟೆ ವಿಮಾನದ್ದಲ್ಲ, ಕುರ್ಚಿಯದ್ದು. ನಡುವಿನ ನಿಲ್ದಾಣದಲ್ಲಿ ಸುಮ್ನೆ ಕೂರುವುದು. ಟಿಕೆಟ್ ಹುಡುಕುವಾಗ ಒಟ್ಟು ಗಂಟೆ ನೋಡಬೇಡಿ. ಕೆಳಗಿನ ಬಾಣದ ಗುರುತು ಒತ್ತಿ ಒಳಗೆ ತೆರೆದರೆ ಪ್ರತಿ ತುಂಡಿನ ಹಾರಾಟ ಎಷ್ಟು, ಕಾಯುವುದು ಎಷ್ಟು ಎಂದು ಬೇರೆ ಬೇರೆ ಸಿಗುತ್ತದೆ.

ಕಾಳಿ ದಂಡೆ
ಕಾರವಾರದಿಂದ. ವ್ಯಾಪಾರಿ ಹಡಗಿನಲ್ಲಿ ಡೆಕ್ ಆಫೀಸರ್ ಆಗಿದ್ದವನು, ಈಗ ಮನೆಯಲ್ಲಿದ್ದೇನೆ. ಫ್ರಾಂಕ್‌ಫರ್ಟ್ ಸುತ್ತೋ ಸಿಂಗಾಪುರ ಸುತ್ತೋ ಎನ್ನುವುದಕ್ಕೆ ಉತ್ತರ ಗೋಡೆಯ ನಕಾಶೆಯಲ್ಲಿ ಸಿಗುವುದಿಲ್ಲ. ಒಂದು ಗ್ಲೋಬ್ ಬೇಕು. ಮನೆಯಲ್ಲಿ ಇಲ್ಲದಿದ್ದರೆ ಹತ್ತಿರದ ಶಾಲೆಯಲ್ಲಿ ಕೇಳಿ.

ಹೂ ಕಟ್ಟುವ ದಾರ ತೆಗೆದುಕೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯಿರಿ. ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋ ಮೇಲಿಟ್ಟು ಎಳೆಯಿರಿ. ದಾರ ಸಡಿಲ ಇರುವವರೆಗೆ ಎಲ್ಲೆಲ್ಲೋ ಜಾರುತ್ತದೆ. ಬಿಗಿಯಾಗುತ್ತಾ ಬಂದ ಹಾಗೆ ತಾನೇ ಉತ್ತರಕ್ಕೆ ಸರಿಯುತ್ತದೆ. ಪೂರ್ತಿ ಬಿಗಿಯಾದಾಗ ನೋಡಿ: ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಅಂಚು, ಸೈಬೀರಿಯಾ. ಅಲ್ಲಿ ಸುಮಾರು 71 ಡಿಗ್ರಿ ಉತ್ತರದವರೆಗೆ ಏರಿ, ಅಲಾಸ್ಕಾ ದಾಟಿ ಕೆಳಗಿಳಿಯುತ್ತದೆ. ಇದೇ ಗ್ರೇಟ್ ಸರ್ಕಲ್, ಅಂದರೆ ಗೋಳದ ಮೇಲೆ ಎರಡು ಊರಿನ ನಡುವಿನ ಅತಿ ಹತ್ತಿರದ ದಾರಿ. ನೀವು ನೋಡಿದ 13,990 ಕಿ.ಮೀ. ಈ ದಾರದ ಉದ್ದ. ಅದರಲ್ಲಿ ಗಾಳಿ ಇಲ್ಲ, ಗಡಿ ಇಲ್ಲ, ಗುಡ್ಡ ಇಲ್ಲ. ಬರೀ ದಾರ.

ನಮ್ಮ ಲೆಕ್ಕದಲ್ಲಿ ಇದು ಸುಮಾರು 7,550 ನಾಟಿಕಲ್ ಮೈಲು. ಒಂದು ನಾಟಿಕಲ್ ಮೈಲು ಅಂದರೆ 1.852 ಕಿ.ಮೀ., ಭೂಮಿಯ ಒಂದು ಡಿಗ್ರಿಗೆ ಅಂಥವು 60. ಹಡಗಿನವರೂ ವಿಮಾನದವರೂ ಇವತ್ತಿಗೂ ಇದರಲ್ಲೇ ಲೆಕ್ಕ ಹಾಕುವುದು.

ಈಗ ಸುತ್ತಿನ ಪ್ರಶ್ನೆ. ಅದೇ ದಾರದಲ್ಲಿ ಅಳೆದರೆ:
ದುಬೈ ಮೇಲೆ 2,700 ಮತ್ತು 13,020, ಒಟ್ಟು ಸುಮಾರು 15,720 ಕಿ.ಮೀ.
ಫ್ರಾಂಕ್‌ಫರ್ಟ್ ಮೇಲೆ 7,400 ಮತ್ತು 9,150, ಒಟ್ಟು ಸುಮಾರು 16,550.
ಸಿಂಗಾಪುರ ಮೇಲೆ 3,180 ಮತ್ತು 13,580, ಒಟ್ಟು ಸುಮಾರು 16,760.

ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಹೆಚ್ಚುಕಮ್ಮಿ ಒಂದೇ. ಯಾಕೆ? ಸ್ಯಾನ್ ಫ್ರಾನ್ಸಿಸ್ಕೋ ನಮಗೆ ಹತ್ತಿರ ಹತ್ತಿರ ಭೂಮಿಯ ಆ ಕಡೆಯ ಮಗ್ಗುಲಲ್ಲಿದೆ. ಗಡಿಯಾರದ ಹನ್ನೆರಡೂವರೆ ಗಂಟೆಯೇ ಅದನ್ನು ಹೇಳುತ್ತದೆ. ಒಂದು ಊರು ಸರಿಯಾಗಿ ನಮ್ಮ ಕಾಲಡಿಯ ಆ ತುದಿಯಲ್ಲಿದ್ದರೆ ಯಾವ ದಿಕ್ಕಿಗೆ ಹೊರಟರೂ ಅದೇ 20,000 ಕಿ.ಮೀ. ಅದಕ್ಕೇ ಅಮೆರಿಕದ ಪಶ್ಚಿಮ ಕರಾವಳಿಗೆ ನಮ್ಮಿಂದ ಇಷ್ಟೊಂದು ದಾರಿ. ನ್ಯೂಯಾರ್ಕ್ ಆಗಿದ್ದರೆ ಸಿಂಗಾಪುರದ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಕುಮಟಾ ಮೇಷ್ಟ್ರು
ಕಾಳಿ ದಂಡೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಶಾಲೆಯ ಗೋಡೆಯಲ್ಲಿ ಹೆಚ್ಚಾಗಿ ಕಾಣುವುದು ಮರ್ಕೇಟರ್ ಮಾದರಿಯ ನಕಾಶೆ. 1569ರಲ್ಲಿ ಅದನ್ನು ಮಾಡಿದ್ದೇ ಹಡಗಿನವರಿಗಾಗಿ. ದಿಕ್ಸೂಚಿ ಒಂದೇ ದಿಕ್ಕಿಗೆ ಹಿಡಿದು ಹೊರಟರೆ ಅದರಲ್ಲಿ ನೇರ ಗೆರೆ ಬರುತ್ತದೆ. ಆದರೆ ದೂರ ಮತ್ತು ಗಾತ್ರದಲ್ಲಿ ಅದನ್ನು ನಂಬಬಾರದು. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. ವಿಮಾನದ ದಾರಿ ಆ ನಕಾಶೆಯಲ್ಲಿ ಬಿಲ್ಲಿನಂತೆ ಬಾಗಿ ಕಂಡರೆ ವಿಮಾನ ಸುತ್ತುತ್ತಿದೆ ಎಂದು ಮಕ್ಕಳು ತಿಳಿಯುತ್ತಾರೆ. ಸುತ್ತುತ್ತಿರುವುದು ನಕಾಶೆ.

ದುಬೈನದ್ದು ಇನ್ನೂ ಮಜಾ. ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಎಳೆಯಿರಿ. ಉತ್ತರ ಧ್ರುವದ ಪಕ್ಕದಲ್ಲೇ ಹೋಗುತ್ತದೆ. ಮರಳುಗಾಡಿನಿಂದ ಕ್ಯಾಲಿಫೋರ್ನಿಯಾಗೆ ಹತ್ತಿರದ ದಾರಿ ಹಿಮದ ಮೇಲಿನದ್ದು!

ಹೊನ್ನಾವರ ಪೇಟೆ
ಎಲ್ಲ ಸರಿ ಮಾರಾಯ್ರೇ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ ಅಲ್ವಾ? ಅದೂ ಗಂಟೆಗೆ ಸಾವಿರಾರು ಕಿ.ಮೀ. ಹಾಗಾದರೆ ವಿಮಾನ ಪಶ್ಚಿಮಕ್ಕೆ ಹೋದರೆ ಅಮೆರಿಕವೇ ಎದುರಿಗೆ ಬರಬೇಕಲ್ಲ. ಕಾಸರಕೋಡಿನ ಮೇಲೆ ಹೆಲಿಕಾಪ್ಟರ್ ನಿಲ್ಲಿಸಿ ಒಂದು ನಿದ್ದೆ ಹೊಡೆದರೆ ಕೆಳಗೆ ಕ್ಯಾಲಿಫೋರ್ನಿಯಾ ಬರಬೇಕು. ಪೆಟ್ರೋಲ್ ಖರ್ಚು ಉಳಿಯಿತು 😀

ಕುಮಟಾ ಮೇಷ್ಟ್ರು
ನಿಮ್ಮ ಲೆಕ್ಕದಲ್ಲಿ ವೇಗ ಸರಿ ಇದೆ. ನಮ್ಮ ಕರಾವಳಿಯ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ತಿರುಗುತ್ತಿದೆ. ಆದರೆ ಗಾಳಿಯೂ ನೆಲದ ಜೊತೆಗೇ ತಿರುಗುತ್ತದೆ. ಕುಮಟಾದಿಂದ ಶಿರಸಿಗೆ ಹೋಗುವ ಬಸ್ಸಿನೊಳಗೆ ಒಂದು ನೊಣ ಹಾರುತ್ತಿರುತ್ತದೆ. ಬಸ್ಸು ದೇವಿಮನೆ ಘಾಟಿ ಹತ್ತಿದ ಮಾತ್ರಕ್ಕೆ ಅದು ಹಿಂದಿನ ಗಾಜಿಗೆ ಹೋಗಿ ಬಡಿಯುವುದಿಲ್ಲ. ಬಸ್ಸಿನೊಳಗಿನ ಗಾಳಿಯಲ್ಲೇ ಅದರ ಹಾರಾಟ. ವಿಮಾನವೂ ಹಾಗೆ, ಹೆಲಿಕಾಪ್ಟರ್ ಕೂಡ ಹಾಗೆ. ಕಾಸರಕೋಡಿನ ಮೇಲೆ ನಿಂತರೆ ಇಂಧನ ಮುಗಿದು ಕಾಸರಕೋಡಿನಲ್ಲೇ ಇಳಿಯುತ್ತೀರಿ.

ಸಮಯ ಕದಿಯುವುದು ನೇರವಾಗಿ ಭೂಮಿ ತಿರುಗುವುದಲ್ಲ, ಮೇಲಿನ ಗಾಳಿ.

ಕಾಳಿ ದಂಡೆ
ಹೌದು, ನಾನು ಬರೆಯಬೇಕೆಂದಿದ್ದು ಅದೇ. ವಿಮಾನ ಹಾರುವ ಎತ್ತರದಲ್ಲಿ, ಅಂದರೆ 9ರಿಂದ 12 ಕಿ.ಮೀ. ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಪಟ್ಟಿ ಇರುತ್ತದೆ. ಚಳಿಗಾಲದಲ್ಲಿ ಜಪಾನ್ ಸುತ್ತಮುತ್ತ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು. ಬೆನ್ನಿಗೆ ಸಿಕ್ಕರೆ ಲಾಭ, ಎದುರಿಗೆ ಸಿಕ್ಕರೆ ನಷ್ಟ.

ಇದು ಎಷ್ಟು ದೊಡ್ಡ ಲಾಭ ಎನ್ನುವುದಕ್ಕೆ ನಮ್ಮದೇ ಒಂದು ಉದಾಹರಣೆ ಇದೆ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ಅದನ್ನು ತಿರುಗಿಸಿ ಪೆಸಿಫಿಕ್ ಮೇಲೆ ಕಳಿಸಿದರು. ಆ ದಾರಿ 15,300 ಕಿ.ಮೀ. ಅಂದರೆ 1,400 ಕಿ.ಮೀ. ಜಾಸ್ತಿ. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಹಳೇ ದಾರಿಗಿಂತ ಸುಮಾರು 2 ಗಂಟೆ ಮೊದಲು. ಉದ್ದದ ದಾರಿ, ಕಡಿಮೆ ಹೊತ್ತು. ದಾರ ಹಿಡಿದು ಅಳೆದರೆ ದೆಹಲಿಯಿಂದ ಅಲ್ಲಿಗೆ 12,400 ಕಿ.ಮೀ. ಕೂಡ ಇಲ್ಲ ಎನ್ನುವುದು ನೆನಪಿರಲಿ. ಕಿ.ಮೀ. ನೋಡಿ ಗಂಟೆ ಹೇಳಬೇಡಿ ಎನ್ನುವುದು ಇದಕ್ಕೇ.

ಅಟ್ಲಾಂಟಿಕ್‌ನಲ್ಲೂ ಇದೇ ಆಟ. 2020ರ ಫೆಬ್ರುವರಿಯಲ್ಲಿ ಕಿಯಾರಾ ಬಿರುಗಾಳಿ ಬಂದಾಗ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು 5 ಗಂಟೆ ಕೂಡ ತೆಗೆದುಕೊಳ್ಳದೆ ಬಂದಿತು. ವಾಪಸ್ಸು ಹೋಗುವವರಿಗೆ ಅದೇ ಗಾಳಿ ಮುಖಕ್ಕೆ.

ಹೊನ್ನಾವರ ಪೇಟೆ
ಅಂದರೆ ಪೂರ್ವಕ್ಕೆ ಹೋಗುವುದೇ ಲಾಭ. ಹೆಲಿಕಾಪ್ಟರ್ ಕ್ಯಾನ್ಸಲ್.

ಭಟ್ಕಳದ ಭಾಯಿ
ನಮ್ಮೂರಲ್ಲಿ ಮನೆಗೊಬ್ಬರಾದರೂ ಗಲ್ಫ್‌ನಲ್ಲಿದ್ದಾರೆ. ದುಬೈ ಎಂದರೆ ನಮಗೆ ಪಕ್ಕದ ಊರಿನ ಲೆಕ್ಕ. ಮಂಗಳೂರಿನಿಂದ ಸುಮಾರು 2,450 ಕಿ.ಮೀ., ಮೂರೂವರೆ ಗಂಟೆ ಹಾರಾಟ. ಭಟ್ಕಳದಿಂದ ಬಜ್ಪೆಗೆ ಹೋಗಿ, ಕಾದು, ಹತ್ತುವ ಹೊತ್ತೇ ಅದಕ್ಕಿಂತ ಜಾಸ್ತಿ. ಗೋವಾದಿಂದ ಇನ್ನೂ ಹತ್ತಿರ, 2,200 ಕಿ.ಮೀ. ಆಸುಪಾಸು.

ತಂಗಿ, ಒಂದು ಮಾತು. ದುಬೈ ಮೇಲೆ ಕಳಿಸುವುದಾದರೆ ಎರಡು ಬೇರೆ ಬೇರೆ ಟಿಕೆಟ್ ತೆಗೆಯಬೇಡಿ. ಮಂಗಳೂರು–ದುಬೈ ಒಂದು ಕಂಪನಿ, ದುಬೈ–ಅಮೆರಿಕ ಇನ್ನೊಂದು ಕಂಪನಿ ಮಾಡಿದರೆ ಸ್ವಲ್ಪ ಹಣ ಉಳಿಯಬಹುದು. ಆದರೆ ಮೊದಲನೆಯದು ತಡವಾದರೆ ಎರಡನೆಯ ಕಂಪನಿಗೆ ಅದರ ಹೊಣೆ ಇಲ್ಲ. ನನ್ನ ಭಾವನಿಗೆ ಹಾಗೇ ಆಯಿತು. ಮಳೆಗೆ ಇಲ್ಲಿ ವಿಮಾನ ಎರಡು ತಾಸು ತಡ, ಅಲ್ಲಿ ಮುಂದಿನ ವಿಮಾನ ಹೋಗಿಯೇ ಬಿಟ್ಟಿತ್ತು. ಹೊಸ ಟಿಕೆಟ್‌ಗೆ ಮೊದಲಿನದ್ದಕ್ಕಿಂತ ಜಾಸ್ತಿ ಕೊಟ್ಟರು. ಒಂದೇ ಪಿಎನ್‌ಆರ್‌ನಲ್ಲಿದ್ದರೆ ಕಂಪನಿಯವರೇ ಮುಂದಿನ ವಿಮಾನಕ್ಕೆ ಹಾಕುತ್ತಾರೆ, ಬ್ಯಾಗೂ ಸೀದಾ ಹೋಗುತ್ತದೆ.

ಮೊದಲ ಸಲ ಹೋಗುವ ಹಿರಿಯರಿಗೆ ಅಬುಧಾಬಿಯೂ ಒಳ್ಳೆಯದು. ಅಲ್ಲಿ 2014ರಿಂದ ಅಮೆರಿಕದವರದ್ದೇ ಇಮಿಗ್ರೇಶನ್ ಕೌಂಟರ್ ಇದೆ. ಪ್ರಶ್ನೆ, ಬೆರಳಚ್ಚು ಎಲ್ಲ ಅಲ್ಲೇ ಮುಗಿಯುತ್ತದೆ. ಅಮೆರಿಕದಲ್ಲಿ ಇಳಿದ ಮೇಲೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದವರ ಹಾಗೆ ಹೊರಗೆ ನಡೆಯಬಹುದು.

ಅಜ್ಜಿಮನೆ
ನಾನು ಮೊಮ್ಮಗಳ ಬಾಣಂತನಕ್ಕೆ ಹೋಗಿ ಬಂದವಳು. ಸಿದ್ದಾಪುರದ ಕಡೆಯವಳು. ನೀವೆಲ್ಲ ಕಿಲೋಮೀಟರು, ಗಾಳಿ ಎಂದು ಬರೆದಿದ್ದೀರಿ, ಚೆನ್ನಾಗಿದೆ. ಮಂಡಿಯ ಬಗ್ಗೆ ಯಾರೂ ಬರೆಯಲಿಲ್ಲ.

ನೇರ ವಿಮಾನದಲ್ಲಿ ಹದಿನಾರು ಹದಿನೇಳು ತಾಸು ಒಂದೇ ಕುರ್ಚಿ. ಹೋಗುವಾಗ ನನಗೆ ಆರನೇ ತಾಸಿಗೆ ಸಾಕಾಯಿತು. ಮುಂದಿನವರು ಕುರ್ಚಿ ಹಿಂದಕ್ಕೆ ಬಾಗಿಸಿದರು, ಒಳಗಿನ ಸೀಟು ಬೇರೆ, ಏಳಬೇಕೆಂದರೆ ಇಬ್ಬರು ಮಲಗಿದವರನ್ನು ಎಬ್ಬಿಸಬೇಕು. ಸಂಕೋಚಕ್ಕೆ ನೀರು ಕುಡಿಯುವುದೇ ಬಿಟ್ಟೆ. ಇಳಿಯುವಾಗ ಪಾದ ಚಪ್ಪಲಿಗೆ ಹೋಗಲಿಲ್ಲ. ಬರುವಾಗ ಯುರೋಪಿನಲ್ಲಿ ಇಳಿದು ಹತ್ತಿದ್ದು. ಒಟ್ಟು ತಾಸು ಜಾಸ್ತಿಯಾದರೂ ನಡುವೆ ಓಡಾಡಿದೆ, ಮುಖ ತೊಳೆದೆ, ಚಪಾತಿ ಚಟ್ನಿಪುಡಿ ಬಿಚ್ಚಿ ತಿಂದೆ. ಅದೇ ಹಿತವಾಯಿತು.

ಹಾಗಂತ ಎಲ್ಲರಿಗೂ ಇದೇ ಸರಿ ಎನ್ನುವುದಿಲ್ಲ. ಇಂಗ್ಲಿಷ್ ಬರದಿದ್ದರೆ, ನಡುವಿನ ನಿಲ್ದಾಣದಲ್ಲಿ ಗೇಟು ಬದಲಾದರೆ ಗಾಬರಿ. ಅದಕ್ಕೆ ವೀಲ್‌ಚೇರ್ ಕೇಳಿ. ಟಿಕೆಟ್ ಮಾಡುವಾಗಲೇ ಬರೆಸಬೇಕು. ನಡೆಯಲು ಬರುವವರೂ ಕೇಳಬಹುದು. ಗೇಟಿನಿಂದ ಗೇಟಿಗೆ ಅವರೇ ಮುಟ್ಟಿಸುತ್ತಾರೆ, ದಾರಿ ಕೇಳುವ ಚಿಂತೆ ಇಲ್ಲ. ನಮ್ಮವರಿಗೆ ನಾಚಿಕೆ, "ಕಾಲಿದೆಯಲ್ಲ" ಎನ್ನುತ್ತಾರೆ. ನಾಚಿಕೆ ಬೇಡ.

ನೇರವೇ ಆಗಲಿ, ಸುತ್ತೇ ಆಗಲಿ, ದಾರಿ ಪಕ್ಕದ ಸೀಟು ಮೊದಲೇ ಹಿಡಿಯಿರಿ. ತಾಸಿಗೊಮ್ಮೆ ಎದ್ದು ಹಿಂದಿನ ಅಡುಗೆ ಜಾಗದವರೆಗೆ ನಡೆಯಬೇಕು. ಡಾಕ್ಟರು ಹೇಳಿದರೆ ಬಿಗಿ ಕಾಲುಚೀಲ ಹಾಕಿಸಿ. ಬಿಪಿ, ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ, ಚೀಟಿ ಸಮೇತ. ಗಂಟೆ ಬದಲಾಗುತ್ತದಲ್ಲ, ಯಾವ ಮಾತ್ರೆ ಯಾವಾಗ ಎಂದು ಹೊರಡುವ ಮೊದಲೇ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ತೋಟದಮನೆ
ಅಮ್ಮಾ, ನೀವು ಬರೆದದ್ದನ್ನು ಆಯಿಗೆ ಓದಿ ಹೇಳಿದೆ. "ಇವರು ಸರಿ ಹೇಳಿದರು, ಉಳಿದವರು ಪರೀಕ್ಷೆಗೆ ಕುಳಿತ ಹಾಗಿದೆ" ಎಂದಳು. ಅವಳ ಮಂಡಿಯೂ ಅಷ್ಟಕ್ಕಷ್ಟೇ.

ದಾರ ಹಿಡಿದು ನೋಡಿದೆವು. ಅಪ್ಪನಿಗೆ ಅದು ಎಷ್ಟು ಹಿಡಿಸಿತೆಂದರೆ ಈಗ ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ಒಂದು ಅನುಮಾನ. ದಾರ ಟಿಬೆಟ್ ಮೇಲೆ ಹೋಗುತ್ತದೆ. ವಿಮಾನ ನಿಜವಾಗಿ ಅಲ್ಲೇ ಹೋಗುತ್ತದೆಯಾ?

ಕಾಳಿ ದಂಡೆ
ಸಾಮಾನ್ಯವಾಗಿ ಆ ಜಾಗ ತಪ್ಪಿಸುತ್ತಾರೆ. ಕಾರಣ ಸರಳ. ವಿಮಾನದೊಳಗೆ ಗಾಳಿಯ ಒತ್ತಡ ಹೋದರೆ ಪೈಲಟ್ ತಕ್ಷಣ ಸುಮಾರು 10,000 ಅಡಿಗೆ ಇಳಿಸಬೇಕು, ಜನ ಉಸಿರಾಡುವ ಎತ್ತರಕ್ಕೆ. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ. ಎಲ್ಲಿಗೆ ಇಳಿಸುವುದು?

ಅದರ ಮೇಲೆ ದೇಶಗಳ ಜಗಳ. 2022ರಿಂದ ಯುರೋಪ್ ಮತ್ತು ಅಮೆರಿಕದ ಕಂಪನಿಗಳಿಗೆ ರಷ್ಯಾದ ಆಕಾಶ ಇಲ್ಲ. ನಮ್ಮವರಿಗೆ, ಗಲ್ಫ್‌ನವರಿಗೆ ಇದೆ. ಆದರೆ 2025ರ ಏಪ್ರಿಲ್‌ನಿಂದ ಭಾರತದ ವಿಮಾನಗಳಿಗೆ ಪಾಕಿಸ್ತಾನದ ಆಕಾಶ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರಿಗೆ ಅದು ದೊಡ್ಡ ಪೆಟ್ಟು. ಅಮೆರಿಕಕ್ಕೆ ಹೋಗುವ ನಮ್ಮ ಕೆಲವು ವಿಮಾನಗಳು ನಡುವೆ ವಿಯೆನ್ನಾದಲ್ಲಿ ಇಂಧನಕ್ಕೆ ಇಳಿಯಬೇಕಾಯಿತು. ಅದೇ ಎರಡು ಊರು, ಅದೇ ಕಿ.ಮೀ., ಆದರೆ ಯಾವ ದೇಶದ ವಿಮಾನ ಎನ್ನುವುದರ ಮೇಲೆ ಗಂಟೆ ಬೇರೆ.

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ವಿಮಾನ ಮೊದಲು ಹಾರಿದ್ದು 2021ರ ಜನವರಿಯಲ್ಲಿ. ಆ ಕಡೆಯಿಂದ 9ರ ರಾತ್ರಿ ಹೊರಟು ಬೆಂಗಳೂರಿನಲ್ಲಿ 11ರ ನಸುಕಿಗೆ ಇಳಿಯಿತು. ಕಾಕ್‌ಪಿಟ್‌ನಲ್ಲಿ ಎಲ್ಲರೂ ಹೆಣ್ಣುಮಕ್ಕಳೇ, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು. ಉತ್ತರ ಧ್ರುವದ ಮೇಲೆಯೇ ಬಂದರು. ದಾರ ಹೇಳುವ ದಾರಿ 71 ಡಿಗ್ರಿಯಲ್ಲಿ ನಿಲ್ಲುತ್ತದೆ, ಅವರು ಹೋದದ್ದು ಅದಕ್ಕಿಂತ ಎಷ್ಟೋ ಉತ್ತರಕ್ಕೆ. ನಿಮ್ಮ ಆಯಿಗೆ ಇದನ್ನೂ ಓದಿ ಹೇಳಿ.

ಯಲ್ಲಾಪುರದವ
ವಿಷಯ ಸ್ವಲ್ಪ ಬೇರೆ, ಆದರೂ ಬರೆಯುತ್ತೇನೆ. ನಾನಿರುವುದು ಸಿಡ್ನಿಯಲ್ಲಿ. ಆಸ್ಟ್ರೇಲಿಯಾ ಎಂದರೆ ಜಗತ್ತಿನ ತುದಿ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಬೆಂಗಳೂರಿನಿಂದ ಇಲ್ಲಿಗೆ ಸುಮಾರು 9,350 ಕಿ.ಮೀ. ಮಾತ್ರ. 2022ರ ಸೆಪ್ಟೆಂಬರ್‌ನಿಂದ ಕ್ವಾಂಟಾಸ್‌ನ ನೇರ ವಿಮಾನ ಬಂದ ಮೇಲೆ ಹನ್ನೊಂದು ಹನ್ನೆರಡು ಗಂಟೆಗೆ ಮುಗಿಯುತ್ತದೆ. ಗಡಿಯಾರದ ವ್ಯತ್ಯಾಸವೂ ನಾಲ್ಕೂವರೆ, ಐದೂವರೆ ಗಂಟೆ. ಅಪ್ಪ ಅಮ್ಮ ಬಂದ ಎರಡನೇ ದಿನಕ್ಕೆ ಸರಿಯಾಗಿ ನಿದ್ದೆ ಮಾಡಿದರು. ಕ್ಯಾಲಿಫೋರ್ನಿಯಾದಲ್ಲಿ ಹಗಲು ರಾತ್ರಿಯೇ ಅದಲುಬದಲು. ಮೈ ದಿನಕ್ಕೆ ಒಂದು ಗಂಟೆಯಷ್ಟು ಹೊಂದಿಕೊಳ್ಳುತ್ತದೆ ಎನ್ನುತ್ತಾರೆ. ಹೆರಿಗೆ ದಿನಕ್ಕಿಂತ ಎರಡು ವಾರ ಮೊದಲು ಕಳಿಸಿ. ಇಲ್ಲದಿದ್ದರೆ ಮಗುವಿನ ಜೊತೆ ಅಜ್ಜ ಅಜ್ಜಿಯೂ ರಾತ್ರಿ ಎಚ್ಚರ ಇರುತ್ತಾರೆ!

ಅಜ್ಜಿಮನೆ
ಬಾಣಂತನಕ್ಕೆ ಹೋದವರಿಗೆ ಅದೇ ಅನುಕೂಲ ತಮ್ಮಾ. ಮಗು ಹೇಗೂ ರಾತ್ರಿ ಮಲಗುವುದಿಲ್ಲ.

ಟಿಕೆಟ್ ಮಾಣಿ
ಈಗ ಎಲ್ಲಿಂದ ಹೊರಡುವುದು ಎಂಬ ಪ್ರಶ್ನೆ. ನನ್ನ ಪ್ರಕಾರ ಇದೇ ಮುಖ್ಯ. ಆಕಾಶದ ಗಂಟೆ ನಿಮ್ಮ ಕೈಯಲ್ಲಿಲ್ಲ, ನೆಲದ ಗಂಟೆ ಇದೆ.

ಶಿರಸಿಯಿಂದ ಬೆಂಗಳೂರು ಸುಮಾರು 400 ಕಿ.ಮೀ. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಮತ್ತೆ ದೇವನಹಳ್ಳಿಗೆ ವಾಯುವಜ್ರ ಬಸ್ಸು. ಕರಾವಳಿಯವರಾದರೆ ಪಂಚಗಂಗಾ ಎಕ್ಸ್‌ಪ್ರೆಸ್, ಮಲಗಿಕೊಂಡು ಹೋಗಬಹುದು. ಆದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಅದೇ ದಿನ ಹದಿನಾರು ತಾಸಿನ ವಿಮಾನ ಹತ್ತಿಸಬೇಡಿ. ಒಂದು ದಿನ ಮೊದಲು ಹೋಗಿ ನೆಂಟರ ಮನೆಯಲ್ಲಿ ಮಲಗಲಿ.

ಹುಬ್ಬಳ್ಳಿ ನಿಮಗೆ ಹತ್ತಿರ, 100 ಕಿ.ಮೀ. ಆಸುಪಾಸು. ಅಲ್ಲಿಂದ ಬೆಂಗಳೂರಿಗೆ ನೇರ ಗೆರೆಯಲ್ಲಿ 370 ಕಿ.ಮೀ., ಒಂದು ತಾಸಿನ ಹಾರಾಟ. ಅದೂ ಅಮೆರಿಕದ ಟಿಕೆಟ್‌ನ ಜೊತೆ ಒಂದೇ ಪಿಎನ್‌ಆರ್‌ನಲ್ಲಿ ಸಿಕ್ಕರೆ ಚಲೋ. ಬೇರೆ ಟಿಕೆಟ್ ಆದರೆ ಮೇಲೆ ಭಾಯಿ ಹೇಳಿದ ಮಾತೇ. ಬ್ಯಾಗಿನ ತೂಕದ ಮಿತಿಯೂ ಒಳನಾಡಿನ ವಿಮಾನದಲ್ಲಿ ಕಡಿಮೆ. ಅಮೆರಿಕಕ್ಕೆ ಎಂದು ಕಟ್ಟಿದ ಎರಡು ದೊಡ್ಡ ಬ್ಯಾಗಿಗೆ ಹುಬ್ಬಳ್ಳಿಯಲ್ಲಿ ಹೆಚ್ಚುವರಿ ಹಣ ಕೇಳುತ್ತಾರೆ.

ಗೋವಾ ಎನ್ನುವವರು ಒಂದು ನೋಡಬೇಕು. ಗೋವಾದಲ್ಲಿ ಈಗ ನಿಲ್ದಾಣ ಎರಡು. ದಾಬೋಲಿಂ ಹಳೆಯದು, ಅದರ ಗುರುತು ಜಿಒಐ. ಮೋಪಾದ್ದು 2023ರ ಜನವರಿಯಲ್ಲಿ ಶುರುವಾಯಿತು, ಗುರುತು ಜಿಒಎಕ್ಸ್. ಮೋಪಾ ಮಹಾರಾಷ್ಟ್ರದ ಗಡಿಯ ಹತ್ತಿರ. ಕಾರವಾರದಿಂದ ಹೊರಟವರು ಇಡೀ ಗೋವಾ ದಾಟಬೇಕು. ಟಿಕೆಟ್‌ನಲ್ಲಿ ಗೋವಾ ಎಂದಷ್ಟೇ ನೋಡಿ ದಾಬೋಲಿಂಗೆ ಹೋಗಿ ನಿಂತವರನ್ನು ನಾನು ಬಲ್ಲೆ. ಒಂದರಿಂದ ಇನ್ನೊಂದಕ್ಕೆ ಅರವತ್ತು ಎಪ್ಪತ್ತು ಕಿ.ಮೀ.

ಅಕ್ಟೋಬರ್ ಆದ್ದರಿಂದ ಮಳೆಯ ಭಯ ಕಡಿಮೆ. ಜುಲೈ, ಆಗಸ್ಟ್ ಆಗಿದ್ದರೆ ಎರಡು ದಿನ ಮೊದಲೇ ಊರು ಬಿಡಿ ಎನ್ನುತ್ತಿದ್ದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗಿದ್ದು, ಆಗಸ್ಟ್ 7ರ ನಸುಕಿಗೆ ಕಾಳಿ ಹಳೇ ಸೇತುವೆ ಬಿದ್ದಿದ್ದು ಯಾರೂ ಮರೆತಿಲ್ಲ. 13,990 ಕಿ.ಮೀ.ನಲ್ಲಿ ಯಾವ ತೊಂದರೆಯೂ ಇಲ್ಲದೆ, ಮೊದಲ 40 ಕಿ.ಮೀ.ನಲ್ಲೇ ವಿಮಾನ ತಪ್ಪಿಸಿಕೊಂಡವರು ಆ ವರ್ಷ ನನ್ನ ಗಿರಾಕಿಗಳಲ್ಲೇ ಇದ್ದರು.

ಹೊನ್ನಾವರ ಪೇಟೆ
ಅಂಕೋಲೆ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆಗುತ್ತದೆ ಎಂದು ಕೇಳುತ್ತಲೇ ನನ್ನ ಕೂದಲು ಬೆಳ್ಳಗಾಯಿತು. ಅದು ಆದರೆ ಈ ಚರ್ಚೆಯೇ ಬೇಡ.

ಕಾಳಿ ದಂಡೆ
ಆದರೂ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಹೋಗುವುದಿಲ್ಲ ಮಾರಾಯ. ಬೆಂಗಳೂರಿಗೋ ಗಲ್ಫಿಗೋ ಹೋದರೆ ಪುಣ್ಯ.

ತೋಟದಮನೆ
ಅಂತೂ ತೀರ್ಮಾನ ಆಯಿತು. ಒಂದೇ ಪಿಎನ್‌ಆರ್, ಬೆಂಗಳೂರಿನಿಂದ, ಅಬುಧಾಬಿ ಮೇಲೆ, ಅಲ್ಲಿ ನಾಲ್ಕು ಗಂಟೆ ನಿಲುಗಡೆ. ಇಬ್ಬರಿಗೂ ವೀಲ್‌ಚೇರ್ ಬರೆಸಿದೆ. ಅಪ್ಪ ಒಪ್ಪಲಿಲ್ಲ, ಆಯಿ ಒಪ್ಪಿಸಿದಳು. ದಾರಿ ಪಕ್ಕದ ಸೀಟು ಹಿಡಿದಾಯಿತು. ಹಿಂದಿನ ದಿನ ಚಿಕ್ಕಪ್ಪನ ಮನೆಯಲ್ಲಿ ಉಳಿಯುತ್ತಾರೆ. ನೇರ ವಿಮಾನಕ್ಕಿಂತ ಗಂಟೆ ಜಾಸ್ತಿ, ಆದರೆ ಇಮಿಗ್ರೇಶನ್ ನಡುವೆಯೇ ಮುಗಿಯುತ್ತದೆ, ಮಂಡಿಗೂ ವಿರಾಮ ಎಂದು ಇದನ್ನೇ ಆರಿಸಿದೆವು.

ಆಯಿಯ ಪ್ರಶ್ನೆ ಒಂದು ಉಳಿದಿದೆ. ಅಪ್ಪೆಮಿಡಿ ಉಪ್ಪಿನಕಾಯಿ, ಬಾಣಂತಿ ಲೇಹ್ಯಕ್ಕೆ ಕೊಬ್ಬರಿ ಒಯ್ಯಬಹುದಾ?

ಅಜ್ಜಿಮನೆ
ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ತಪಾಸಣೆಯಲ್ಲಿ ಎತ್ತಿಡುತ್ತಾರೆ. ದೊಡ್ಡ ಬ್ಯಾಗಿಗೆ ಹಾಕಿ. ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಮೇಲೆ ಟೇಪ್ ಸುತ್ತಿ, ಅದನ್ನು ಇನ್ನೊಂದು ಕವರಿನಲ್ಲಿಟ್ಟು ಹಳೇ ಸೀರೆಯೊಳಗೆ ಸುತ್ತಬೇಕು. ನನ್ನದು ಒಂದು ಹನಿ ಸೋರಲಿಲ್ಲ.

ಟಿಕೆಟ್ ಮಾಣಿ
ಕೊಬ್ಬರಿ ಬೇಡವೇ ಬೇಡ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹಿಡಿಯುವ ವಸ್ತು ಎಂದು 2022ರಿಂದ ಚೆಕ್ ಇನ್ ಬ್ಯಾಗಿನಲ್ಲಿ ನಿಷೇಧ. ಸ್ಕ್ಯಾನರ್‌ನಲ್ಲಿ ಕಂಡರೆ ಬ್ಯಾಗ್ ತೆಗೆಸಿ ಬಿಚ್ಚಿಸುತ್ತಾರೆ. ಕರಾವಳಿಯವರ ಬ್ಯಾಗಿನಲ್ಲಿ ಜಾಸ್ತಿ ಸಿಗುವುದು ಅದೇ. ಕೊಬ್ಬರಿ ಅಲ್ಲಿನ ಇಂಡಿಯನ್ ಅಂಗಡಿಯಲ್ಲೇ ತೆಗೆದುಕೊಳ್ಳಲಿ.

ತೋಟದಮನೆ
ಸರಿ. ವಾಪಸ್ ಫೆಬ್ರುವರಿಯಲ್ಲಿ. ಆಗಲೂ ಇದೇ ಲೆಕ್ಕವಾ?

ಕಾಳಿ ದಂಡೆ
ಒಂದೆರಡು ಬದಲಾವಣೆ ಇದೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆದ್ದರಿಂದ ಫೆಬ್ರುವರಿಯಲ್ಲಿ ವ್ಯತ್ಯಾಸ ಹದಿಮೂರೂವರೆ ಗಂಟೆ. ಅಕ್ಕನಿಗೆ ಫೋನು ಮಾಡುವಾಗಲೂ ಇದು ನೆನಪಿರಲಿ.

ಇನ್ನೊಂದು, ಹೋಗುವಾಗ ಉಳಿದ ದಿನವನ್ನು ಬರುವಾಗ ಕೊಡಬೇಕು. ಗುರುವಾರ ರಾತ್ರಿ 9ಕ್ಕೆ ಅಲ್ಲಿ ಹೊರಟರು ಎಂದುಕೊಳ್ಳಿ. ಆಗಲೇ ನಮ್ಮಲ್ಲಿ ಶುಕ್ರವಾರ ಬೆಳಿಗ್ಗೆ 10.30. ನೇರ ವಿಮಾನದಲ್ಲೇ ಹದಿನೇಳೂವರೆ ಗಂಟೆ ಹಿಡಿದರೂ ಬೆಂಗಳೂರಿನಲ್ಲಿ ಇಳಿಯುವುದು ಶನಿವಾರ ಬೆಳಗಿನ ಜಾವ 4ಕ್ಕೆ. ನಿಮ್ಮದು ನಿಲುಗಡೆ ಇರುವ ಟಿಕೆಟ್, ಇನ್ನೂ ತಡ. ಗುರುವಾರ ಹೊರಟರು, ಶುಕ್ರವಾರ ಬರುತ್ತಾರೆ ಎಂದು ಕಾರಿನವನಿಗೆ ಹೇಳಿಬಿಟ್ಟರೆ ಅವನು ಒಂದು ದಿನ ಮೊದಲೇ ದೇವನಹಳ್ಳಿಯಲ್ಲಿ ಕಾಯುತ್ತಿರುತ್ತಾನೆ. ಟಿಕೆಟ್‌ನಲ್ಲಿ ಇಳಿಯುವ ಸಮಯದ ಪಕ್ಕ ಸಣ್ಣ ಅಕ್ಷರದಲ್ಲಿ +1 ಅಥವಾ +2 ಎಂದಿರುತ್ತದೆ. ಕಾರು ಹೇಳುವ ಮೊದಲು ಅದನ್ನು ನೋಡಿ.

ತೋಟದಮನೆ
ನೋಡಿದೆ. +2 ಎಂದಿದೆ. ಚಿಕ್ಕಪ್ಪನಿಗೆ ಈಗಲೇ ಮೆಸೇಜ್ ಮಾಡುತ್ತೇನೆ.